ಅರಗಿನ ಮುದ್ರೆಯ ಹಂಸ

ಒಂದು ಮನೆಗೆ ಎರಡನೆಯ ಅಳಿಯನಾಗಿ ಹೋಗುವವನು, ಮೊದಲನೆಯ ಅಳಿಯ ಏನು ಕೆಲಸದಲ್ಲಿದ್ದಾನೆಂದು ಮುಂಚೆಯೇ ವಿಚಾರಿಸಿಕೊಳ್ಳಬೇಕು. ನಮ್ಮ ಗುಮಾಸ್ತರು ಹುಡುಗಿಯನ್ನು ನೋಡಿ ಮರುಳಾಗಿ ಆ ಒಂದು ಪ್ರಶ್ನೆ ಕೇಳುವುದನ್ನು ಮರೆತರು. ಮದುವೆ ಮುಗಿದು ಊಟಕ್ಕೆ ಕೂತಾಗ ಗೊತ್ತಾಯಿತು, ಷಡ್ಡಕರು ಹಲ್ಲಿನ ಡಾಕ್ಟರು. ಅಷ್ಟೇ ಆಗಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತು. ಆದರೆ ಆ ಮಹಾನುಭಾವರು ಅತ್ತೆಗೆ ಬಾಯಿ ತುಂಬ ಹೊಸ ಹಲ್ಲು ಕಟ್ಟಿಕೊಟ್ಟುಬಿಟ್ಟರು. ಅಂದಿನಿಂದ ಅತ್ತೆ ನಕ್ಕಾಗಲೆಲ್ಲ ಅದು ಷಡ್ಡಕರ ಜಾಹೀರಾತೇ ಆಯಿತು.

ಆ ಮನೆಯಲ್ಲಿ 'ಅಳಿಯಂದ್ರು' ಅಂದರೆ ಒಬ್ಬರೇ, ಡಾಕ್ಟರು. ಗುಮಾಸ್ತರಿಗೆ 'ನಿನ್ನ ಗಂಡ' ಎಂಬ ಹೆಸರು ಖಾಯಮ್ಮಾಯಿತು. ಎದುರಿಗೆ ಕೂತಿದ್ದರೂ ಅಷ್ಟೇ. "ನಿನ್ನ ಗಂಡಂಗೆ ಇನ್ನೊಂದು ಲೋಟ ಕಾಫಿ ಬೇಕೇನೋ ಕೇಳು" ಎಂದು ಅತ್ತೆ ಮಗಳಿಗೆ ಹೇಳುವರು. ಮಗಳು ಗಂಡನ ಕಡೆ ತಿರುಗಿ ಕೇಳುವಳು. ಗುಮಾಸ್ತರು ಹೆಂಡತಿಗೆ ಉತ್ತರ ಕೊಡುವರು, ಅವಳು ಅದನ್ನು ತಾಯಿಗೆ ಮುಟ್ಟಿಸುವಳು. ಇಷ್ಟು ವ್ಯವಹಾರ ಮುಗಿಯುವ ಹೊತ್ತಿಗೆ ಕಾಫಿ ಆರಿರುತ್ತಿತ್ತು. ಗುಮಾಸ್ತರು ಆರಿದ್ದನ್ನೇ ಕುಡಿದು, ಒಂದು ದಿನ ಅತ್ತೆಯ ಬಾಯಲ್ಲಿ 'ಅಳಿಯಂದ್ರೇ' ಅನ್ನಿಸಿಕೊಳ್ಳದಿದ್ದರೆ ತಾನು ತಾನೇ ಅಲ್ಲ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದರು.

ಅತ್ತೆಯ ಬಗ್ಗೆ ಇನ್ನೊಂದು ಮಾತು ಹೇಳಿಬಿಡಬೇಕು. ಅವರು ಕೊಟ್ಟ ಮಾತಿಗೆ ತಪ್ಪುವವರಲ್ಲ. ಆದರೆ ಕೊಟ್ಟದ್ದು ಎಷ್ಟೋ ಅಷ್ಟೇ, ಅದರ ಮೇಲೆ ಒಂದು ಗುಲಗಂಜಿ ತೂಕವೂ ಹೆಚ್ಚಿಲ್ಲ. ಬೆಳಿಗ್ಗೆ ಹೊತ್ತು ಕರಿದ ತಿಂಡಿ ಮುಟ್ಟುವುದಿಲ್ಲ ಎಂದು ಹಿಂದೊಮ್ಮೆ ಒಪ್ಪಿಕೊಂಡ ಮೇಲೆ, ತಟ್ಟೆ ಮುಂದಿಟ್ಟುಕೊಂಡು ಗಡಿಯಾರದಲ್ಲಿ ಹನ್ನೆರಡು ಹೊಡೆಯುವುದನ್ನೇ ಕಾಯುತ್ತಿದ್ದರು. ಹೊಸ ಹಲ್ಲು ಕಟ್ಟಿದ ದಿನ ಡಾಕ್ಟರು ಅವರಿಂದ ಮಾತು ತೆಗೆದುಕೊಂಡಿದ್ದರು, ಇನ್ನು ಮೇಲೆ ಚಾಕೊಲೇಟ್ ತಿನ್ನಕೂಡದು ಎಂದು. ಅತ್ತೆಗೆ ಚಾಕೊಲೇಟ್ ಅಂದರೆ ಪ್ರಾಣ. ಆದರೂ ಆವತ್ತಿನಿಂದ ಒಂದು ಚೂರು ಬಾಯಿಗಿಟ್ಟವರಲ್ಲ.

ಇನ್ನು ನಮ್ಮ ಗುಮಾಸ್ತರ ಕೆಲಸ. ಹೊರದೇಶದಿಂದ ಬರುವ ಸರಕನ್ನು ಕಸ್ಟಮ್ಸಿನಿಂದ ಬಿಡಿಸಿಕೊಡುವ ಒಂದು ಏಜೆನ್ಸಿಯಲ್ಲಿ ಅವರ ಮೇಜು. ಸರಕು ಏನೆಂದು ಘೋಷಣಾಪತ್ರದಲ್ಲಿ ಬರೆಯಬೇಕು, ಅದು ಸುಂಕದ ಪುಸ್ತಕದ ಯಾವ ಅಧ್ಯಾಯಕ್ಕೆ ಸೇರುತ್ತದೆಂದು ಹೇಳಬೇಕು, ಅದರಂತೆ ಸುಂಕ. ಆದರೆ ಗುಮಾಸ್ತರ ಪಾಲಿಗೆ ಇಷ್ಟು ವರ್ಷವೂ ಬಂದದ್ದು ಕಬ್ಬಿಣ. ತಿರುಪು, ಮೊಳೆ, ಬಾಗಿಲ ಕೀಲು, ಕೊಳಾಯಿಯ ಮೂತಿ. ತಿರುಪನ್ನು ಯಾವ ನೆಂಟರ ಮುಂದೆ ಹೇಳಿ ಯಾರು ದೊಡ್ಡವರಾದಾರು? ಆಫೀಸಿನಲ್ಲೂ ಅವರನ್ನು 'ಸ್ಕ್ರೂ ಸಾಹೇಬ್ರು' ಎಂದೇ ಕರೆಯುತ್ತಿದ್ದರು.

ಹೀಗಿರುವಾಗ ತಿಂಡಿತಿನಿಸಿನ ಮೇಜಿನವನು ಕಾಲು ಮುರಿದುಕೊಂಡು ಮಲಗಿದ. ಯಜಮಾನರು ಅವನ ಮೇಜನ್ನು ಗುಮಾಸ್ತರಿಗೆ ವಹಿಸಿದರು. ಅಂದು ಸಂಜೆ ಮನೆಗೆ ಬಂದ ಗುಮಾಸ್ತರ ನಡಿಗೆಯೇ ಬೇರೆ. ಚಪ್ಪಲಿ ಬಿಡುವ ಮೊದಲೇ, ಇನ್ನು ಮುಂದೆ ಈ ದೇಶದೊಳಕ್ಕೆ ಒಂದು ಪೆಪ್ಪರ್‌ಮಿಂಟೂ ತನ್ನನ್ನು ಕೇಳದೆ ಕಾಲಿಡುವ ಹಾಗಿಲ್ಲ ಎಂದು ಹೆಂಡತಿಗೆ ತಿಳಿಸಿದರು. ಅದು ಮಹಡಿಯ ಮೇಲಿನ ಮನೆಯ ನಿವೃತ್ತ ಮೇಷ್ಟ್ರ ಕಿವಿಗೆ ಬಿತ್ತು. ಮೇಷ್ಟ್ರು ಮರುದಿನವೇ ಕೆಮ್ಮಿನ ಗುಳಿಗೆಯೊಂದನ್ನು ಅಂಗೈಯಲ್ಲಿಟ್ಟುಕೊಂಡು ಇಳಿದು ಬಂದರು. ಇದು ಔಷಧವೋ ಮಿಠಾಯಿಯೋ ಎಂದು ತಮಗೂ ಹೆಂಡತಿಗೂ ಜಗಳವಾಗಿ, ಅದನ್ನು ಯಾವ ಡಬ್ಬಿಯಲ್ಲಿ ಇಡಬೇಕೆಂದು ತೀರ್ಮಾನವಾಗದೆ ಕೂತಿದೆಯಂತೆ. ಗುಮಾಸ್ತರು ಅದನ್ನು ಬೆಳಕಿಗೆ ಹಿಡಿದು ನೋಡಿ, ಮೂಸಿ, ಒಂದು ತುದಿ ನೆಕ್ಕಿ, ಮಿಠಾಯಿ ಎಂದು ಅಪ್ಪಣೆ ಕೊಟ್ಟರು. ಮೇಷ್ಟ್ರ ಹೆಂಡತಿ ಗೆದ್ದರು. ಮೇಷ್ಟ್ರು ಕೆಮ್ಮುತ್ತ ಮೇಲೆ ಹತ್ತಿದರು.

ಆಗ ಬಂದ ನೋಡಿ ಬಾಮೈದ. ಹೆಂಡತಿಯ ತಮ್ಮ. ಅವನು ಮಿಠಾಯಿ ಅಂಗಡಿ ತೆರೆಯುವ ಓಡಾಟದಲ್ಲಿದ್ದ. ಅವನ ಮನೆ ತುಂಬ ಪೆಟ್ಟಿಗೆಗಳೂ ಬಣ್ಣದ ಡಬ್ಬಗಳೂ ಆಗಿ, ತಾಯಿಯನ್ನು ಗುಮಾಸ್ತರ ಮನೆಯಲ್ಲಿ ತಂದು ಬಿಟ್ಟಿದ್ದ. ಅಂಗಡಿಯ ಉದ್ಘಾಟನೆ ಶುಕ್ರವಾರ. ಗಾಜಿನ ಕಪಾಟಿನ ನಡುವೆ ಇಡಲೆಂದು ಅವನು ಹೊರದೇಶದಿಂದ ತರಿಸಿದ್ದು ಬಿಳಿ ಹಂಸಗಳು. ಒಂದೊಂದೂ ಹಿಡಿಯಷ್ಟು ದಪ್ಪ, ಹಾಲಿನಂತೆ ಬಿಳುಪು, ಕಣ್ಣಿನ ಜಾಗದಲ್ಲಿ ಮಾತ್ರ ಎರಡು ಕಪ್ಪು ಚುಕ್ಕೆ. ಕೈಯಲ್ಲಿದ್ದ ಹಣವೆಲ್ಲ ಅದಕ್ಕೇ ಸುರಿದಿದ್ದ. ಹಂಸ ಬಾರದಿದ್ದರೆ ಉದ್ಘಾಟನೆಗೆ ಬಂದವರು ಖಾಲಿ ಗಾಜು ನೋಡಿಕೊಂಡು ಹೋಗಬೇಕು.

ಅರ್ಧ ಬಣ್ಣ ಹೊಡೆದ ಅಂಗಡಿಯಲ್ಲಿ ನಿಂತು ಬಾಮೈದ ಚಿತ್ರ ತೋರಿಸಿ, ಭಾವ, ಇದನ್ನು ಏನೆಂದು ಬರೆಯಬೇಕು ಎಂದು ಕೇಳಿದ. ಕಪಾಟಿನ ಹಲ್ಲು ಸರಿಯಾಗಿ ಕೂತಿದೆಯೇ ಎಂದು ನೋಡಲು ಬಂದವರಂತೆ ಡಾಕ್ಟರ್ ಷಡ್ಡಕರೂ ಪಕ್ಕದಲ್ಲೇ ನಿಂತಿದ್ದರು. ಅವರೆದುರಿಗೆ ಪುಸ್ತಕ ತೆಗೆದು ನೋಡಿ ಹೇಳುತ್ತೇನೆ ಎಂದರೆ ಮರ್ಯಾದೆ ಉಳಿಯುತ್ತದೆಯೇ?

"ಇದರಲ್ಲಿ ಕೇಳೋದೇನಿದೆ? ಚಾಕೊಲೇಟ್" ಎಂದರು ಗುಮಾಸ್ತರು. "ಬಿಳಿ ಕುದುರೆ ಕುದುರೆ ಅಲ್ವೇನೋ?"

ಷಡ್ಡಕರು ಹುಬ್ಬೇರಿಸಿದರು. ಆ ಹುಬ್ಬನ್ನು ಕಂಡು ಗುಮಾಸ್ತರಿಗೆ ಜನ್ಮ ಸಾರ್ಥಕವಾಯಿತು. ಮರುದಿನ ಘೋಷಣಾಪತ್ರದಲ್ಲಿ ದಪ್ಪ ಅಕ್ಷರದಲ್ಲಿ 'ಚಾಕೊಲೇಟ್' ಎಂದು ಬರೆದು, ಕೋಕೋದ ಅಧ್ಯಾಯವನ್ನು ನಮೂದಿಸಿ, ತಾವೇ ಖುದ್ದಾಗಿ ಕಸ್ಟಮ್ಸ್ ಕಚೇರಿಗೆ ಹೊರಟರು.

ಅಲ್ಲಿ ತಿನಿಸಿನ ವಿಭಾಗದ ಮೇಜಿನ ಹಿಂದೆ ಕೂತಿದ್ದವರು ಒಬ್ಬ ಅಧಿಕಾರಿ ಮೇಡಂ. ಕನ್ನಡಕ ಮೂಗಿನ ತುದಿಯಲ್ಲಿ, ಕೆಂಪು ಪೆನ್ನು ಕಿವಿಯ ಮೇಲೆ. ಪೆಟ್ಟಿಗೆಯಿಂದ ತೆಗೆಸಿದ ಹಂಸವೊಂದು ಎದುರಿಗಿತ್ತು. ಮೇಡಂ ಅದನ್ನೂ ಪತ್ರವನ್ನೂ ನೋಡಿ, ಪುಸ್ತಕ ತೆಗೆದು ನೋಡಿದಿರಾ ಎಂದರು. ಗುಮಾಸ್ತರು ಅನುಭವದ ಮಾತಾಡಿದರು. ಮೇಡಂ ಅನುಭವವನ್ನು ಪಕ್ಕಕ್ಕಿಟ್ಟು ಪುಸ್ತಕವನ್ನೇ ತೆರೆದು ತೋರಿಸಿದರು. ಕೋಕೋದ ಅಧ್ಯಾಯ ಬೇರೆ, ಸಕ್ಕರೆಯ ಅಧ್ಯಾಯ ಬೇರೆ. ಕೋಕೋ ಇಲ್ಲದ ಸಕ್ಕರೆ ಮಿಠಾಯಿ ಎಂಬ ಸಾಲಿನಲ್ಲಿ, ಬಿಳಿ ಚಾಕೊಲೇಟೂ ಇದರಲ್ಲೇ ಸೇರಿದೆ ಎಂದು ಅಚ್ಚಾಗಿತ್ತು. ಹೆಸರಿನಲ್ಲಿ ಚಾಕೊಲೇಟ್ ಇದ್ದರೇನಂತೆ, ಬಿಳಿಯದರಲ್ಲಿರುವುದು ಕೋಕೋದ ಕೊಬ್ಬು ಮಾತ್ರ, ಅದನ್ನು ಪುಸ್ತಕ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

"ತಿದ್ದಿ ಒಂದು ಸಹಿ ಹಾಕಿ. ನಾಳೆ ಸರಕು ಬಿಡ್ತೀವಿ" ಎಂದರು ಮೇಡಂ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ತಿದ್ದಿ ಸಹಿ ಹಾಕಲು ಎಷ್ಟು ಹೊತ್ತು? ಆದರೆ ಗುಮಾಸ್ತರ ಕಣ್ಣ ಮುಂದೆ ಷಡ್ಡಕರ ಹುಬ್ಬು ಬಂತು. ಸಕ್ಕರೆ ಮಿಠಾಯಿಯಂತೆ, ಚಾಕೊಲೇಟೇ ಅಲ್ಲವಂತೆ, ಎಂದು ಆ ಹುಬ್ಬಿಗೆ ಹೋಗಿ ಹೇಳುವುದೆಂತು? ಅವರು ಹಂಸವನ್ನು ದಿಟ್ಟಿಸಿದರು. ಹಂಸ ಅವರನ್ನು ದಿಟ್ಟಿಸಿತು.

"ಮೇಡಂ, ಕಣ್ಣು ನೋಡಿ. ಮೈ ಏನಾದ್ರೂ ಆಗಿರ್ಲಿ, ಕಣ್ಣು ಚಾಕೊಲೇಟೇ" ಎಂದುಬಿಟ್ಟರು.

ಮೇಡಂ ಕನ್ನಡಕ ಮೇಲೇರಿಸಿದರು. ಹಂಸವನ್ನು ತಿರುಗಿಸಿ ಎರಡೂ ಕಣ್ಣು ನೋಡಿದರು. ಪೆಟ್ಟಿಗೆಯ ಮೇಲೆ ಮೈಯ ವಿವರವೆಲ್ಲ ಅಚ್ಚಾಗಿತ್ತು, ಕಣ್ಣಿನ ವಿಷಯ ಒಂದಕ್ಷರವಿರಲಿಲ್ಲ. ಕಣ್ಣಿನಲ್ಲಿ ಕೋಕೋ ಇದ್ದರೆ ಹಂಸ ಒಂದು ಅಧ್ಯಾಯಕ್ಕೆ, ಇಲ್ಲದಿದ್ದರೆ ಇನ್ನೊಂದಕ್ಕೆ. ಯಾರೂ ಎತ್ತದಿದ್ದರೆ ಅವರೂ ಬಿಡುತ್ತಿದ್ದರೇನೋ. ಈಗ ಎತ್ತಿಯಾಗಿತ್ತು. ಇನ್ನು ಪ್ರಯೋಗಾಲಯವೇ ಹೇಳಬೇಕು ಎಂದು ಮೇಡಂ ಹಂಸವನ್ನು ಕಂದು ಕಾಗದದಲ್ಲಿ ಸುತ್ತಿಸಿ, ದಾರ ಕಟ್ಟಿಸಿ, ಕೆಂಪು ಅರಗು ಕರಗಿಸಿ ಸರ್ಕಾರಿ ಮುದ್ರೆ ಒತ್ತಿಸಿದರು. ಅಷ್ಟು ಹೊತ್ತಿಗೆ ಪ್ರಯೋಗಾಲಯದ ಬಾಗಿಲು ಹಾಕಿತ್ತು. ಕಚೇರಿಯ ಫ್ರಿಜ್ಜು ಕೆಟ್ಟು ಕೂತಿತ್ತು. ನನ್ನ ಜವಾಬ್ದಾರಿ ಮೇಡಂ, ಮನೆಯ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ನಾನೇ ಮುಟ್ಟಿಸುತ್ತೇನೆ ಎಂದು ಗುಮಾಸ್ತರು ಎದೆ ಮುಟ್ಟಿಕೊಂಡು ಹೇಳಿದರು. ಮುದ್ರೆ ಮುರಿಯಕೂಡದು, ಮುರಿದರೆ ಏಜೆನ್ಸಿಯ ಲೈಸೆನ್ಸಿಗೇ ಸಂಚಕಾರ ಎಂದು ಎಚ್ಚರಿಸಿ ಮೇಡಂ ಪೊಟ್ಟಣವನ್ನು ಕೊಟ್ಟರು.

ಮನೆಗೆ ಬಂದ ಗುಮಾಸ್ತರು ಅದನ್ನು ಫ್ರಿಜ್ಜಿನ ನಡುವಿನ ಹಲಗೆಯ ಮೇಲೆ, ಮುದ್ರೆ ಎದುರಿಗೆ ಕಾಣುವಂತೆ ಇಟ್ಟು, ಇದು ಸರ್ಕಾರದ ಹಂಸ, ಯಾರೂ ಮುಟ್ಟಬಾರದು ಎಂದು ಹೆಂಡತಿಗೆ ಕಟ್ಟಪ್ಪಣೆ ಮಾಡಿದರು. ಅತ್ತೆ ಆಗ ಮೇಷ್ಟ್ರ ಹೆಂಡತಿಯ ಹತ್ತಿರ ಹರಟೆಗೆ ಹೋಗಿದ್ದರು. ಅವರಿಗೂ ಒಂದು ಮಾತು ಹೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಹೇಳಬೇಕೆಂದಿದ್ದರೂ ಗುಮಾಸ್ತರು ಹೆಂಡತಿಯ ಮೂಲಕವೇ ಹೇಳಬೇಕಿತ್ತಲ್ಲ.

ಮರುದಿನ ಬೆಳಿಗ್ಗೆ ಹೆಂಡತಿ ತಮ್ಮನ ಅಂಗಡಿಗೆ ಕಪಾಟು ಒರೆಸಲು ಬೇಗನೆ ಹೋದಳು. ಗುಮಾಸ್ತರು ಮುಖ ತೊಳೆದು ಬಂದು ಕೂತರು. ಎದುರಿಗೆ ಹೊಗೆಯಾಡುವ ಕಾಫಿಯ ಲೋಟ ಬಂತು.

"ತಗೊಳ್ಳಿ ಅಳಿಯಂದ್ರೇ" ಎಂದರು ಅತ್ತೆ.

ಗುಮಾಸ್ತರು ಹಿಂದಕ್ಕೆ ತಿರುಗಿ ನೋಡಿದರು, ಷಡ್ಡಕರು ಬಂದಿದ್ದಾರೇನೋ ಎಂದು. ಯಾರೂ ಇರಲಿಲ್ಲ. ಅತ್ತೆ ನಗುತ್ತಿದ್ದುದು ಇವರನ್ನೇ ನೋಡಿ, ಅದೂ ಪೂರ್ತಿ ಮೂವತ್ತೆರಡು ಹಲ್ಲನ್ನೂ ತೋರಿಸಿ. ಗುಮಾಸ್ತರು ಮದುವೆಯಾದ ಮೇಲೆ ಮೊದಲ ಬಾರಿಗೆ ಅತ್ತೆಯ ಕೈಯಿಂದ ಬಿಸಿ ಕಾಫಿ ಕುಡಿದರು. ನಾಲಿಗೆ ಸುಟ್ಟಿತು. ಸುಟ್ಟರೂ ಅದು ಎಷ್ಟು ರುಚಿಯಾಗಿತ್ತೆಂದು ಅವರನ್ನೇ ಕೇಳಬೇಕು.

ಅತ್ತೆ ಮಾತಾಡುತ್ತಲೇ ಇದ್ದರು. ಇಷ್ಟು ವರ್ಷ ತಾನು ಇವರನ್ನು ಸರಿಯಾಗಿ ತಿಳಿದುಕೊಂಡಿರಲಿಲ್ಲವಂತೆ. ಡಾಕ್ಟರು ಹಲ್ಲು ಕೊಟ್ಟರು ನಿಜ, ಆದರೆ ಆ ಹಲ್ಲಿಗೆ ಒಂದು ಕೆಲಸ ಕೊಡಬೇಕೆಂದು ತೋಚಿದ್ದು ಇವರಿಗೆ ಮಾತ್ರವಂತೆ. ಅದನ್ನಾದರೂ ಹೇಗೆ ಕೊಟ್ಟರು, ಮುಖಕ್ಕೆ ಹಿಡಿದು ಜಂಬ ಪಡದೆ, ಕಾಗದ ಸುತ್ತಿ, ದಾರ ಕಟ್ಟಿ, ರಾಜರ ಕಾಲದ ಹಾಗೆ ಅರಗಿನ ಮುದ್ರೆ ಒತ್ತಿಸಿ, ಕಣ್ಣಿಗೆ ಬೀಳುವ ಹಾಗೆ ಫ್ರಿಜ್ಜಿನಲ್ಲಿಟ್ಟು...

ಗುಮಾಸ್ತರ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ತೆರೆದರು. ಕಂದು ಕಾಗದ ಅಚ್ಚುಕಟ್ಟಾಗಿ ಮಡಿಸಿ ಇಟ್ಟಿತ್ತು. ದಾರ ಉಂಡೆ ಸುತ್ತಿತ್ತು. ಅರಗಿನ ಚೂರುಗಳನ್ನೂ ಎಸೆದಿರಲಿಲ್ಲ, ಪೊಟ್ಟಣ ಕಟ್ಟಿ ಇಟ್ಟಿದ್ದರು. ಹಂಸ ಮಾತ್ರ ಇರಲಿಲ್ಲ. ಪಕ್ಕದಲ್ಲಿ ಒಂದು ಬಟ್ಟಲು ಬೋರಲು ಹಾಕಿದ್ದ ಪುಟ್ಟ ಸಾಸರು. ಬಟ್ಟಲೆತ್ತಿದರೆ ಎರಡು ಕಪ್ಪು ಚುಕ್ಕೆಗಳು ಗುಮಾಸ್ತರನ್ನೇ ನೋಡುತ್ತಿದ್ದವು.

"ಅದನ್ನ ಮಾತ್ರ ಬಿಟ್ಟೆ" ಎಂದರು ಹಿಂದೆ ನಿಂತ ಅತ್ತೆ. "ಕರ್ರಗಿತ್ತು. ಎಲ್ಲಿ ಚಾಕೊಲೇಟ್ ಇದ್ದುಬಿಡುತ್ತೋ ಅಂತ. ಮಾತು ಕೊಟ್ಟಿದ್ದೀನಲ್ಲ."

ಗುಮಾಸ್ತರು ಸಾಸರನ್ನು ಕೈಗೆತ್ತಿಕೊಂಡರು. ಅದು ನಿಮಗೆಂದು ತಂದದ್ದಲ್ಲ ಎಂದರೆ 'ಅಳಿಯಂದ್ರು' ಹೋಗುತ್ತದೆ, ಹೇಳದಿದ್ದರೆ ತಾವೇ ಕೊಟ್ಟ ಹಾಗಾಗಿ ಲೈಸೆನ್ಸು ಹೋಗುತ್ತದೆ, ಬಾಮೈದನ ಅಂಗಡಿ ಹೋಗುತ್ತದೆ. ಅಷ್ಟರಲ್ಲಿ ಅತ್ತೆ ದೊಡ್ಡ ಮಗಳಿಗೆ ಫೋನು ಹಚ್ಚಿ, ನಿನ್ನ ಗಂಡ ಎಂದಾದರೂ ನನಗೆ ಮುದ್ರೆ ಒತ್ತಿಸಿ ಏನಾದರೂ ಕೊಟ್ಟಿದ್ದಾನಾ ಎಂದು ಕೇಳುತ್ತಿದ್ದರು. ಗುಮಾಸ್ತರು ಸಾಸರಿಗೆ ಕರವಸ್ತ್ರ ಮುಚ್ಚಿಕೊಂಡು ಹೊರಬಿದ್ದರು. ಸುದ್ದಿ ಆಗಲೇ ಮಹಡಿ ಹತ್ತಿತ್ತು. ಮೆಟ್ಟಿಲ ಮೇಲೆ ಸಿಕ್ಕ ಮೇಷ್ಟ್ರು, ತಮ್ಮ ಅತ್ತೆಗೂ ಅಂಥದೊಂದು ಬೇಕು, ಮುದ್ರೆ ಒತ್ತಿಸಲು ಯಾವ ಕಚೇರಿಗೆ ಅರ್ಜಿ ಹಾಕಬೇಕು ಎಂದು ವಿಚಾರಿಸಿದರು.

ಬಸ್ಸಿನಲ್ಲಿ ಗುಮಾಸ್ತರು ಸಾಸರನ್ನು ಎರಡೂ ಕೈಯಲ್ಲಿ ಹಿಡಿದು, ಬ್ರೇಕು ಹಾಕಿದಾಗಲೆಲ್ಲ ಉಸಿರು ಬಿಗಿಹಿಡಿದು ನಿಂತರು. ಪಕ್ಕದವರು ಏನೋ ನೇಮದವರಿರಬೇಕೆಂದು ಜಾಗ ಬಿಟ್ಟುಕೊಟ್ಟರು.

ಮೇಡಂ ಕರವಸ್ತ್ರ ತೆಗೆದು ನೋಡಿದರು. ಬಹಳ ಹೊತ್ತು ನೋಡಿದರು. ಅವರ ನೌಕರಿಯಲ್ಲಿ ಸ್ಯಾಂಪಲ್ಲನ್ನು ಇಲಿ ತಿಂದದ್ದಿತ್ತು, ನಾಯಿ ತಿಂದದ್ದಿತ್ತು. ಅತ್ತೆ ತಿಂದದ್ದು ಇದೇ ಮೊದಲು. ಹೊಸ ಸ್ಯಾಂಪಲ್ ತೆಗೆಯಬೇಕಾದರೆ ಹೊಸ ಅರ್ಜಿ, ಹೊಸ ಸರದಿ, ಅದು ಶುಕ್ರವಾರ ದಾಟಿ ಎಲ್ಲಿಗೋ ಹೋಗುತ್ತದೆ ಎಂದರು. ಪ್ರಯೋಗಾಲಯಕ್ಕೆ ಬೇಕಾದದ್ದು ಹೇಗೂ ಕಣ್ಣೇ, ಅದನ್ನೇ ಕಳಿಸಬಹುದು. ಆದರೆ ಮುದ್ರೆ ಮುರಿದದ್ದಕ್ಕೆ, ಮುರಿದವರೇ ಬಂದು ಹೇಳಿಕೆ ಕೊಡಬೇಕು.

"ನಾನೇ ತಿಂದೆ ಅಂತ ಬರ್ಕೊಳ್ಳಿ ಮೇಡಂ" ಎಂದು ಗುಮಾಸ್ತರು ಅಂಗಲಾಚಿದರು.

"ನೀವು ತಿಂದಿದ್ರೆ ಕಣ್ಣು ಬಿಡ್ತಿದ್ರಾ?" ಎಂದರು ಮೇಡಂ.

ಮಧ್ಯಾಹ್ನ ಗುಮಾಸ್ತರು ಅತ್ತೆಯನ್ನು ಕರೆದುಕೊಂಡು ಬಂದರು. ಕಸ್ಟಮ್ಸಿನ ಮೇಡಂ ನಿಮ್ಮನ್ನು ನೋಡಬೇಕಂತೆ ಎಂದಷ್ಟೇ ಹೇಳಿದ್ದರು. ತಮಗೆ ಸನ್ಮಾನವೇ ಇರಬೇಕೆಂದು ಅತ್ತೆ ಇದ್ದುದರಲ್ಲಿ ಒಳ್ಳೆಯ ಬಟ್ಟೆ ತೊಟ್ಟು, ಹಲ್ಲುಗಳನ್ನು ಇನ್ನೊಮ್ಮೆ ತಿಕ್ಕಿ ತೊಳೆದುಕೊಂಡು ಬಂದಿದ್ದರು. ಅರಗು ಕರಗಿಸುವವನನ್ನು ಕಂಡು, ಬಹಳ ಚೆನ್ನಾಗಿ ಒತ್ತಿದ್ದೀಯಪ್ಪ, ಒಡೆಯೋಕೆ ಮನಸ್ಸೇ ಬರಲಿಲ್ಲ ಎಂದು ಮೆಚ್ಚಿಕೊಂಡರು. ಅವನು ಕಣ್ಣು ಕಣ್ಣು ಬಿಟ್ಟ.

ಮೇಡಂ ಕಾಗದ ಎಳೆದುಕೊಂಡು, ಮುದ್ರೆ ಏಕೆ ಒಡೆದಿರಿ ಎಂದು ಕೇಳಿದರು.

"ಒಡೀದೆ ತಿನ್ನೋದು ಹೇಗಮ್ಮ?" ಎಂದರು ಅತ್ತೆ. "ನಮ್ಮ ಅಳಿಯಂದ್ರು ನನಗೆ ಅಂತ ತಂದಿದ್ರು."

ಮೇಡಂ ಪೆನ್ನು ನಿಲ್ಲಿಸಿ ಗುಮಾಸ್ತರನ್ನು ನೋಡಿದರು. ಹೌದೇನ್ರೀ ಎಂದು ಬಾಯಿ ಬಿಟ್ಟು ಕೇಳಲಿಲ್ಲ. ಆದರೆ ಹೌದೆಂದರೆ ಸರ್ಕಾರಿ ಸ್ಯಾಂಪಲ್ಲನ್ನು ಮನೆಯವರಿಗೆ ಹಂಚಿದ ಹಾಗಾಯಿತು, ಅದು ಗುಮಾಸ್ತರಿಗೂ ಗೊತ್ತಿತ್ತು. ಅತ್ತೆಯೂ ತಿರುಗಿ ನೋಡಿದರು. ಮುಖದಲ್ಲಿ ಆ ಬೆಳಗಿನ ನಗು ಇನ್ನೂ ಇತ್ತು. ಅದನ್ನು ಅಳಿಸುವುದಕ್ಕಿಂತ ಹಳೆಯ ತಿರುಪುಗಳ ನಡುವೆ ಹೂತುಹೋಗುವುದು ಮೇಲೆಂದು ಗುಮಾಸ್ತರಿಗೆ ಅನ್ನಿಸಿತು.

"ಇಲ್ಲ ಅತ್ತೆ" ಎಂದರು ಕೊನೆಗೆ. "ನಿಮಗೆ ಅಂತ ತಂದಿರಲಿಲ್ಲ. ಅದು ಸರ್ಕಾರದ್ದು, ಪರೀಕ್ಷೆಗೆ ಇಟ್ಟಿದ್ದು. ಬೆಳಿಗ್ಗೆನೇ ಹೇಳ್ಬೇಕಿತ್ತು. ನೀವು ಅಳಿಯಂದ್ರೇ ಅಂದ್ರಲ್ಲ... ಅದು ಹೋಗ್ಬಿಡುತ್ತೆ ಅಂತ ಹೇಳಲಿಲ್ಲ."

ಅತ್ತೆಯ ಹಲ್ಲುಗಳು ನಿಧಾನವಾಗಿ ತುಟಿಯೊಳಗೆ ಹೋದವು. ಅವರು ಅಳಿಯನನ್ನು ಬಿಟ್ಟು ಮೇಡಂ ಕಡೆ ತಿರುಗಿದರು.

"ಸರ್ಕಾರದ್ದೋ ಯಾರದ್ದೋ, ಅದಿರ್ಲಿ. ನಾನು ತಿಂದದ್ದು ಚಾಕೊಲೇಟಾ?"

ಅದನ್ನು ತಿಳಿಯಲೆಂದೇ ಇಷ್ಟೆಲ್ಲ, ಕಣ್ಣಿನ ಪರೀಕ್ಷೆಯಾಗುವವರೆಗೆ ಹೇಳಲಾಗದು ಎಂದರು ಮೇಡಂ. ಕಣ್ಣು ಚಾಕೊಲೇಟೆಂದಾದರೆ ಪುಸ್ತಕದ ಪ್ರಕಾರ ಇಡೀ ಹಂಸವೇ ಚಾಕೊಲೇಟು, ಕಣ್ಣು ಬಿಟ್ಟು ಮೈ ತಿಂದರೂ ಅಷ್ಟೇ. ಅತ್ತೆಯ ಮುಖ ಕಪ್ಪಿಟ್ಟಿತು. ಹಾಗೇನಾದರೂ ಆದರೆ ಮಾತಿಗೆ ತಪ್ಪಿದ ಬಾಯಲ್ಲಿ ಆ ಹಲ್ಲು ಇರಕೂಡದು, ಕಳಚಿ ಡಾಕ್ಟರ ಮೇಜಿನ ಮೇಲಿಟ್ಟು ಬರುತ್ತೇನೆ ಎಂದು ಹೇಳಿಕೆಯಲ್ಲಿ ಬರೆಸಿದರು. ಬೇಡವೆಂದರೂ ಕೇಳಲಿಲ್ಲ. ಮೇಡಂ ಅದನ್ನೂ ಬರೆದುಕೊಂಡು ಸಹಿ ಹಾಕಿಸಿದರು, ಗುಮಾಸ್ತರಿಗೆ ಕಟುವಾಗಿ ಎಚ್ಚರಿಕೆ ಕೊಟ್ಟರು, ಕಣ್ಣುಗಳಿಗೆ ಹೊಸ ಮುದ್ರೆ ಒತ್ತಿಸಿ ಈ ಸಲ ತಮ್ಮ ಪೇದೆಯ ಕೈಯಲ್ಲೇ ಕಳಿಸಿದರು.

ಆ ರಾತ್ರಿಯ ಊಟಕ್ಕೆ "ನಿನ್ನ ಗಂಡಂಗೆ ಅನ್ನ ಬೇಕೇನೋ ಕೇಳು" ವಾಪಸು ಬಂತು. ಗುಮಾಸ್ತರು ಹೆಂಡತಿಗೆ ಉತ್ತರ ಹೇಳಿದರು. ಒಂದು ಹೊತ್ತಿನ ಮಟ್ಟಿಗಾದರೂ ಅಳಿಯನಾಗಿದ್ದೆನಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದರು, ಆಗಲಿಲ್ಲ. ಬಿಸಿ ಕಾಫಿಯ ರುಚಿ ಕಂಡ ನಾಲಿಗೆ ಅದು.

ಗುರುವಾರ ಸಂಜೆ ವರದಿ ಬಂತು. ಕಣ್ಣಿನಲ್ಲಿದ್ದದ್ದು ಸಕ್ಕರೆ ಮತ್ತು ಕಪ್ಪು ಬಣ್ಣ. ಕೋಕೋ ಲವಲೇಶವೂ ಇಲ್ಲ. ಗುಮಾಸ್ತರು 'ಚಾಕೊಲೇಟ್' ಎಂಬುದನ್ನು ಹೊಡೆದುಹಾಕಿ, 'ಸಕ್ಕರೆ ಮಿಠಾಯಿ' ಎಂದು ಪುಟ್ಟ ಅಕ್ಷರದಲ್ಲಿ ಬರೆದು ಸಹಿ ಹಾಕಿದರು. ಮನೆಗೆ ಬಂದು ಸುದ್ದಿಯನ್ನು ಹೆಂಡತಿಗೆ ಹೇಳಿದರು, ಹೆಂಡತಿ ತಾಯಿಗೆ ಮುಟ್ಟಿಸಿದಳು. ಅತ್ತೆ ಕೈ ಮೇಲೆತ್ತಿ ನೆಮ್ಮದಿಯ ಉಸಿರು ಬಿಟ್ಟರು. ಆಮೇಲೆ ಸ್ವಲ್ಪ ಹೊತ್ತು ಯೋಚಿಸಿ, ಅಯ್ಯೋ, ಹಾಗಾದರೆ ಆ ಕಣ್ಣನ್ನೂ ತಿನ್ನಬಹುದಿತ್ತಲ್ಲೇ ಎಂದು ಪೇಚಾಡಿಕೊಂಡರು.

ಶುಕ್ರವಾರ ಅಂಗಡಿ ತುಂಬ ಜನ. ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತು. ಗಾಜಿನ ಹಿಂದೆ ಹಂಸಗಳು ಸಾಲಾಗಿ ಕತ್ತೆತ್ತಿ ನಿಂತಿದ್ದವು. ಅತ್ತೆ ರಿಬ್ಬನ್ ಕತ್ತರಿಸಿದರು. ಬಾಮೈದ ಮೊದಲ ಹಂಸವನ್ನು ತಟ್ಟೆಯಲ್ಲಿಟ್ಟು ತಾಯಿಯ ಮುಂದೆ ಹಿಡಿದ. ಅತ್ತೆ ಕೈ ಚಾಚಿದರು. ಡಾಕ್ಟರ್ ಷಡ್ಡಕರು ನಡುವೆ ಬಂದು ಆ ಕೈ ಹಿಡಿದರು.

"ಅತ್ತೆ, ಮಾತು ಕೊಟ್ಟಿದ್ದೀರಿ. ಚಾಕೊಲೇಟ್ ಇದು."

ಮೂಲೆಯಲ್ಲಿ ಮೇಷ್ಟ್ರ ಪಕ್ಕ ನಿಂತಿದ್ದ ಗುಮಾಸ್ತರು ನೆಲ ನೋಡಿದರು. ಅಂಗಡಿಯಲ್ಲಿದ್ದವರಲ್ಲಿ ಆ ಮಾತನ್ನು ಮೊದಲು ಆಡಿದವರು ತಾವೇ ತಾನೆ. ಷಡ್ಡಕರ ಹುಬ್ಬು ಆಗಲೇ ಅವರ ಕಡೆ ಏರತೊಡಗಿತ್ತು. ಅತ್ತೆ ತಮ್ಮ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡರು.

"ಇದು ಚಾಕೊಲೇಟ್ ಅಲ್ಲ, ಸಕ್ಕರೆ ಮಿಠಾಯಿ. ಸರ್ಕಾರವೇ ಪರೀಕ್ಷೆ ಮಾಡಿ ಹೇಳಿದೆ" ಎಂದರು. ಸಕ್ಕರೆ ಹಲ್ಲಿಗೆ ಇನ್ನೂ ಕೆಟ್ಟದ್ದು ಎಂದು ಡಾಕ್ಟರು ತೊದಲಿದರು. ಸಕ್ಕರೆ ವಿಷಯ ನಾನು ಯಾರಿಗೂ ಮಾತು ಕೊಟ್ಟಿಲ್ಲ ಎಂದರು ಅತ್ತೆ. ಆಮೇಲೆ ಮೂಲೆಯ ಕಡೆ ಕತ್ತು ತಿರುಗಿಸಿ, ದೊಡ್ಡ ಮಗಳನ್ನು ಹತ್ತಿರ ಕರೆದರು.

"ನಿನ್ನ ಗಂಡಂಗೆ ಇದೆಲ್ಲ ತಿಳಿಯಲ್ಲ ಕಣೆ. ಅನುಮಾನ ಇದ್ರೆ ನಮ್ಮ ಅಳಿಯಂದ್ರನ್ನ ಕೇಳ್ಕೊಳ್ಳೋಕೆ ಹೇಳು."

ಅಷ್ಟು ಹೇಳಿ ಹಂಸವನ್ನು ಕೈಗೆತ್ತಿಕೊಂಡರು. ಈ ಸಲ ಕಣ್ಣಿನಿಂದಲೇ ಶುರು ಮಾಡಿದರು.